ಬಲಹೀನ ರೋಗಿ ನಮ್ಮ ಕೈಯಲ್ಲಿರುವ ಅಮಾನತ್

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಜೀವ ಕೊಟ್ಟವನು ಅವನು, ರೋಗದಿಂದ ಗುಣಪಡಿಸುವವನೂ ಅವನೇ. ಅಂತ್ಯ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಸದಾ ಇರಲಿ.

ಸತ್ಯವಿಶ್ವಾಸಿಗಳೇ, ತಕ್ವಾ ಪಾಲಿಸಬೇಕೆಂದು ಮೊದಲು ನಮಗೆ ನಾವೇ, ಬಳಿಕ ನಿಮಗೆಲ್ಲರಿಗೂ ಉಪದೇಶಿಸುತ್ತೇವೆ. ತಕ್ವಾ ಎಂಬುದು ನಮಾಝ್ ಮತ್ತು ಉಪವಾಸಗಳಲ್ಲಿ ಮಾತ್ರ ಕಾಣುವ ಗುಣವಲ್ಲ. ಅಲ್ಲಾಹನು ನಮ್ಮ ವಶಕ್ಕೆ ಒಪ್ಪಿಸಿದ ಪ್ರತಿಯೊಂದು ಅಮಾನತ್ತನ್ನು ನಾವು ಹೇಗೆ ನೋಡಿಕೊಳ್ಳುತ್ತೇವೆ ಎಂಬುದರಲ್ಲೂ ಅದು ಕಾಣಬೇಕು. ಇಂದು ಅಂಥ ಒಂದು ಅಮಾನತ್ತಿನ ಬಗ್ಗೆ ಮಾತನಾಡೋಣ. ಅದು ನಮ್ಮ ಮನೆಯಲ್ಲಿರುವ, ನಮ್ಮ ಮೊಹಲ್ಲಾದಲ್ಲಿರುವ ಬಲಹೀನ ರೋಗಿ.

ಈಗ ಜ್ವರ, ಕೆಮ್ಮಿನ ಕಾಲ. ಈ ಮಸೀದಿಯ ಸಾಲುಗಳಲ್ಲೂ ಕೆಮ್ಮು ಕೇಳಿಬರುತ್ತಿದೆ. ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆ 2 ಬಾರಿ ಏರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೇ ಇನ್ನೊಮ್ಮೆ. 2009ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಹಾಮಾರಿ ಎಂದು ಘೋಷಿಸಿದ ಎಚ್1ಎನ್1 ವೈರಸ್ ಇಂದು ನಮ್ಮ ನಡುವೆ ಸಾಮಾನ್ಯ ಋತುಮಾನದ ಫ್ಲೂ ಆಗಿ ಉಳಿದಿದೆ. ಕೋವಿಡ್ ಕೂಡ ಪೂರ್ತಿ ಹೋಗಿಲ್ಲ. ಗಟ್ಟಿಮುಟ್ಟಾದ ಯುವಕನಿಗೆ ಇದು ಒಂದು ವಾರದ ಮೈಕೈ ನೋವು. ಆದರೆ ಅದೇ ವೈರಸ್ ಎಲ್ಲರ ಮನೆಯಲ್ಲೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. 65 ವರ್ಷ ದಾಟಿದ ತಾಯಿಗೆ, ಗರ್ಭಿಣಿ ಸೊಸೆಗೆ, ಹಸುಗೂಸಿಗೆ, ವಾರಕ್ಕೆ 2–3 ಸಲ ಡಯಾಲಿಸಿಸ್‌ಗೆ ಹೋಗುವ ಅಣ್ಣನಿಗೆ, ಕ್ಯಾನ್ಸರ್‌ಗೆ ಕೀಮೋಥೆರಪಿ ಪಡೆಯುತ್ತಿರುವ ಅಕ್ಕನಿಗೆ, ಸಕ್ಕರೆ ಕಾಯಿಲೆ, ಹೃದ್ರೋಗ, ದಮ್ಮು ಇರುವವರಿಗೆ ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೆ ಕುತ್ತು ತರಬಲ್ಲದು.

ಇವರ ಚಿಕಿತ್ಸೆ ವೈದ್ಯರ ಕೆಲಸ, ನಮಗೇನು ಸಂಬಂಧ ಎಂದು ಯಾರಾದರೂ ಕೇಳಬಹುದು. ಔಷಧ ಬರೆಯುವುದು ವೈದ್ಯರೇ, ಸರಿ. ಆದರೆ ರೋಗಿ ಯಾವಾಗ ಆಸ್ಪತ್ರೆಗೆ ಬರುತ್ತಾನೆ, ಅವನ ಬಗ್ಗೆ ವೈದ್ಯರಿಗೆ ಏನು ತಿಳಿಸಲಾಗುತ್ತದೆ, ಅವನ ಹಾಸಿಗೆಯ ಬಳಿ ಯಾರು ನಿಲ್ಲುತ್ತಾರೆ, ಇವೆಲ್ಲ ತೀರ್ಮಾನವಾಗುವುದು ನಮ್ಮ ಮನೆಯಲ್ಲಿ. ಅರ್ಧ ಚಿಕಿತ್ಸೆ ನಮ್ಮ ಕೈಯಲ್ಲೇ ಇದೆ.

ಮದ್ದು ಮತ್ತು ತವಕ್ಕುಲ್

ಮೊದಲು ಒಂದು ತಪ್ಪುಗ್ರಹಿಕೆಯನ್ನು ದೂರ ಮಾಡೋಣ. ಆಸ್ಪತ್ರೆಗೆ ಓಡುವುದು ಈಮಾನ್‌ನ ಕೊರತೆ, ಅಲ್ಲಾಹನ ಮೇಲೆ ಬಿಟ್ಟು ಸುಮ್ಮನಿರುವುದೇ ತವಕ್ಕುಲ್ ಎಂದು ಕೆಲವರು ಭಾವಿಸುತ್ತಾರೆ. ಗುಣಪಡಿಸುವವನು ಅಲ್ಲಾಹನೇ ಎಂಬುದರಲ್ಲಿ ಸಂಶಯವಿಲ್ಲ. ಪ್ರವಾದಿ ಇಬ್ರಾಹೀಮ್(ಅ)ರು ತಮ್ಮ ಜನರೆದುರು ಸಾರಿದ್ದೂ ಅದನ್ನೇ. ಆದರೆ ಗುಣವಾಗುವ ದಾರಿಯನ್ನೂ ಅವನೇ ಇರಿಸಿದ್ದಾನೆ. ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲವೆಂದು ಪ್ರವಾದಿವರ್ಯರು(ಸ) ಕಲಿಸಿದರು. ಚಿಕಿತ್ಸೆ ಪಡೆಯಬಹುದೇ ಎಂದು ಕೇಳಿದ ಹಳ್ಳಿಗರಿಗೆ, ಪಡೆಯಿರಿ ಎಂದೇ ಆದೇಶಿಸಿದರು. ಒಂಟೆಯನ್ನು ಕಟ್ಟಿದ ಬಳಿಕ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಪಾಠ ನಮ್ಮ ಮಕ್ಕಳಿಗೂ ಗೊತ್ತು.

ಖಲೀಫಾ ಉಮರ್(ರ)ರು ಸಿರಿಯಾದ ಕಡೆಗೆ ಹೊರಟಿದ್ದಾಗ ಸರ್ಗ್ ಎಂಬಲ್ಲಿ, ಮುಂದಿನ ನಾಡಿನಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದೆ ಎಂಬ ಸುದ್ದಿ ಬಂತು. ಅವರು ಹಿರಿಯ ಸಹಾಬಿಗಳೊಡನೆ ಸಮಾಲೋಚಿಸಿ ಹಿಂದಿರುಗಲು ನಿರ್ಧರಿಸಿದರು. ಇದು ಅಲ್ಲಾಹನ ವಿಧಿಯಿಂದ ಓಡಿಹೋಗುವುದಲ್ಲವೇ ಎಂದು ಅಬೂ ಉಬೈದಾ(ರ)ರು ಕೇಳಿದರು. ಒಂದು ವಿಧಿಯಿಂದ ಅಲ್ಲಾಹನ ಇನ್ನೊಂದು ವಿಧಿಯ ಕಡೆಗೇ ಹೋಗುತ್ತಿದ್ದೇವೆ ಎಂಬುದು ಉಮರ್(ರ)ರ ಉತ್ತರದ ಸಾರ. ಆಗ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರು ಬಂದು, ಸಾಂಕ್ರಾಮಿಕ ಇರುವ ಊರಿಗೆ ಹೋಗಬಾರದು, ಅಲ್ಲಿರುವವರು ಹೊರಬರಬಾರದು ಎಂಬ ಪ್ರವಾದಿವಚನವನ್ನು ತಿಳಿಸಿದರು. ರೋಗ ಅಲ್ಲಾಹನ ವಿಧಿಯಾದರೆ ಮದ್ದೂ ಅವನ ವಿಧಿ. ವೆಂಟಿಲೇಟರ್ ಕೂಡ ಅವನು ಮನುಷ್ಯನಿಗೆ ಕೊಟ್ಟ ಬುದ್ಧಿಯಿಂದಲೇ ಬಂದದ್ದು. ಒಂದು ಜೀವ ಉಳಿಸಿದವನು ಇಡೀ ಮಾನವಕುಲವನ್ನು ಉಳಿಸಿದವನಂತೆ ಎಂಬ ಅರ್ಥದ ಮಾತು ಅಲ್ ಮಾಇದಾ ಅಧ್ಯಾಯದಲ್ಲಿದೆ. ಆ ಒಂದು ಜೀವ ನಮ್ಮ ಮನೆಯ ಮೂಲೆಯ ಕೋಣೆಯಲ್ಲಿ ಕೆಮ್ಮುತ್ತಾ ಮಲಗಿರಬಹುದು.

ಮೊದಲ ಹಕ್ಕು: ಸಮಯಕ್ಕೆ ಸರಿಯಾದ ಚಿಕಿತ್ಸೆ

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ನೋಡಿ. ಮೊದಲ ದಿನ ಕಷಾಯ. ಎರಡನೆಯ ದಿನ ಮೆಡಿಕಲ್ ಅಂಗಡಿಯವನು ಕೊಟ್ಟ ನಾಲ್ಕು ಬಣ್ಣದ ಮಾತ್ರೆ. ಮೂರನೆಯ ದಿನ ಒಂದು ಇಂಜೆಕ್ಷನ್, ಒಂದು ಬಾಟಲಿ ಗ್ಲೂಕೋಸ್. ಐದನೆಯ ದಿನ ಉಸಿರು ಮೇಲೆ ಕೆಳಗೆ ಆದಾಗ ವಾಹನ ಹುಡುಕುತ್ತೇವೆ. ಆಸ್ಪತ್ರೆಗೆ ಹೋದ ಎರಡೇ ದಿನಕ್ಕೆ ತೀರಿಕೊಂಡರು ಎಂದು ಆಮೇಲೆ ಹೇಳಿಕೊಳ್ಳುತ್ತೇವೆ. ಆಸ್ಪತ್ರೆಗೆ ಹೋಗುವ ಮೊದಲು ಕಳೆದುಹೋದ ಐದು ದಿನಗಳ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ಫ್ಲೂ ವೈರಸ್ಸಿಗೆ ಒಸೆಲ್ಟಾಮಿವಿರ್ ಎಂಬ ಔಷಧವಿದೆ. ಟ್ಯಾಮಿಫ್ಲು ಎಂಬ ಹೆಸರಿನಿಂದ ಹಲವರಿಗೆ ಪರಿಚಿತ. ರೋಗಲಕ್ಷಣ ಕಾಣಿಸಿಕೊಂಡ 48 ಗಂಟೆಗಳ ಒಳಗೆ ಶುರುವಾದರೆ ಅದರ ಪ್ರಯೋಜನ ಹೆಚ್ಚು, ಏಕೆಂದರೆ ವೈರಸ್ ದೇಹದಲ್ಲಿ ಮರಿಹಾಕುವುದನ್ನು ಅದು ತಡೆಯುತ್ತದೆ. ಮರಿಹಾಕಿ ಮುಗಿದ ಮೇಲೆ ತಡೆಯಲು ಉಳಿಯುವುದು ಕಡಿಮೆ. ಹಾಗೆಂದು 48 ಗಂಟೆ ದಾಟಿತು, ಇನ್ನೇನೂ ಇಲ್ಲ ಎಂದು ಕೈಬಿಡುವುದೂ ಸರಿಯಲ್ಲ. ಆಸ್ಪತ್ರೆಗೆ ಸೇರುವಷ್ಟು ಕಾಯಿಲೆಯಾದ ರೋಗಿಗೆ ತಡವಾದರೂ ವೈದ್ಯರು ಅದನ್ನು ಕೊಡುತ್ತಾರೆ, ಪರೀಕ್ಷೆಯ ವರದಿ ಬರುವವರೆಗೂ ಕಾಯುವುದಿಲ್ಲ.

ಕೇಂದ್ರ ಆರೋಗ್ಯ ಸಚಿವಾಲಯವು ಎಚ್1ಎನ್1 ರೋಗಿಗಳನ್ನು ಎ, ಬಿ, ಸಿ ಎಂದು ಮೂರು ವರ್ಗಗಳಾಗಿ ವಿಂಗಡಿಸಿದೆ. ಇದು ನಮ್ಮ ಪ್ರತಿ ಮನೆಗೂ ತಿಳಿದಿರಬೇಕು. ಸಾಧಾರಣ ಜ್ವರ, ಕೆಮ್ಮು, ಗಂಟಲು ನೋವು ಮಾತ್ರ ಇದ್ದರೆ ಅದು ಎ ವರ್ಗ. ಇವರಿಗೆ ಪರೀಕ್ಷೆಯೂ ಬೇಡ, ಒಸೆಲ್ಟಾಮಿವಿರ್ ಕೂಡ ಬೇಡ. ಮನೆಯಲ್ಲೇ ಇದ್ದು ವಿಶ್ರಾಂತಿ ಪಡೆದು, 24ರಿಂದ 48 ಗಂಟೆಗಳಲ್ಲಿ ವೈದ್ಯರು ಮತ್ತೆ ನೋಡಿದರೆ ಸಾಕು. ಅದೇ ಲಕ್ಷಣದ ಜೊತೆ ತೀವ್ರ ಜ್ವರ ಮತ್ತು ಗಂಟಲು ನೋವಿದ್ದರೆ, ಅಥವಾ ರೋಗಿ ನಾವು ಈಗ ಹೇಳಿದ ಬಲಹೀನರಲ್ಲಿ ಒಬ್ಬರಾಗಿದ್ದರೆ, ಅದು ಬಿ ವರ್ಗ. ಬಲಹೀನರಿಗೆ ಕಾಯಿಲೆ ಸಣ್ಣದಾಗಿ ಕಂಡರೂ ಔಷಧ ಬೇಕು ಎಂಬುದು ಇಲ್ಲಿ ಮುಖ್ಯ. ಉಸಿರಾಟದ ತೊಂದರೆ, ಎದೆನೋವು, ಮಂಪರು, ರಕ್ತದೊತ್ತಡದ ಕುಸಿತ, ಕಫದಲ್ಲಿ ರಕ್ತ, ಉಗುರು ನೀಲಿಯಾಗುವುದು, ಮಗು ಹಾಲು ಕುಡಿಯದೇ ಇರುವುದು, ಇವು ಸಿ ವರ್ಗದ ಲಕ್ಷಣಗಳು. ಇವರನ್ನು ಆ ಗಂಟೆಯೇ ಆಸ್ಪತ್ರೆಗೆ ಸೇರಿಸಬೇಕು. ಸಂಜೆಯವರೆಗೆ ನೋಡೋಣ ಎನ್ನುವಂತಿಲ್ಲ.

ವಯಸ್ಸಾದವರ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅವರಿಗೆ ಜ್ವರವೇ ಬಾರದೆ ಇರಬಹುದು. ಊಟ ಬಿಡುವುದು, ಮಾತು ತಡವರಿಸುವುದು, ಮಕ್ಕಳ ಗುರುತು ತಪ್ಪುವುದು, ಇದ್ದಕ್ಕಿದ್ದಂತೆ ಹಾಸಿಗೆ ಹಿಡಿಯುವುದು, ಇವೇ ಅವರಲ್ಲಿ ಕಾಯಿಲೆಯ ಸೂಚನೆಗಳಾಗಬಹುದು. ವಯಸ್ಸಾಯಿತು, ಅದಕ್ಕೇ ಹೀಗೆ ಎಂದು ಸುಮ್ಮನಿರಬೇಡಿ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೋವಿಡ್ ಕಾಲದಲ್ಲಿ ಹಲವರ ಮನೆಗೆ ಬಂದಿದೆ. ಅದರಲ್ಲಿ ಆಮ್ಲಜನಕದ ಪ್ರಮಾಣ 94ಕ್ಕಿಂತ ಕೆಳಗೆ ಇಳಿದರೆ ಅದು ತಡಮಾಡದೆ ಹೊರಡಬೇಕಾದ ಸೂಚನೆ. ನಮ್ಮ ಎಷ್ಟೋ ತಾಯಂದಿರು ಮಕ್ಕಳಿಗೆ ಖರ್ಚಾಗುತ್ತದೆಂದು ಉಸಿರಿನ ಕಷ್ಟವನ್ನೂ ಮುಚ್ಚಿಡುತ್ತಾರೆ. ಅವರ ಬಾಯಿಂದ ಮಾತು ಬರುವವರೆಗೆ ಕಾಯದೆ ಅವರ ಉಸಿರನ್ನು ನಾವೇ ಗಮನಿಸಬೇಕು.

ಎರಡನೆಯ ಹಕ್ಕು: ವೈದ್ಯರ ಮುಂದೆ ಸತ್ಯ

ಸತ್ಯ ಹೇಳುವುದು ಕಚೇರಿ, ವ್ಯಾಪಾರಗಳಲ್ಲಿ ಮಾತ್ರ ಕಡ್ಡಾಯವಲ್ಲ. ವೈದ್ಯರ ಮುಂದೆಯೂ ಕಡ್ಡಾಯ. ರೋಗಿಗೆ ಮೂತ್ರಪಿಂಡದ ತೊಂದರೆ ಇದ್ದರೆ ಒಸೆಲ್ಟಾಮಿವಿರ್‌ನ ಪ್ರಮಾಣ ಕಡಿಮೆ ಮಾಡಬೇಕಾಗುತ್ತದೆ. ಡಯಾಲಿಸಿಸ್‌ನ ವಿಷಯ ಮುಚ್ಚಿಟ್ಟರೆ ಮದ್ದೇ ಹೊರೆಯಾಗುತ್ತದೆ. ಗರ್ಭಿಣಿಯರಿಗೆ ಈ ಔಷಧ ಕೊಡಬಹುದು, ಕೊಡಲೇಬೇಕಾದ ಸಂದರ್ಭಗಳೂ ಇವೆ. ಮಗುವಿಗೆ ತೊಂದರೆಯಾದೀತೆಂದು ಮನೆಯ ಹಿರಿಯರು ಮಾತ್ರೆ ತಪ್ಪಿಸುವುದು ತಾಯಿ, ಮಗು ಇಬ್ಬರಿಗೂ ಅಪಾಯ. 2009ರ ಮಹಾಮಾರಿಯಲ್ಲಿ ತೀವ್ರವಾಗಿ ನರಳಿದವರಲ್ಲಿ ಗರ್ಭಿಣಿಯರೂ ಇದ್ದರು ಎಂಬುದನ್ನು ಮರೆಯಬಾರದು.

ಸಂಧಿವಾತಕ್ಕೆ, ದಮ್ಮಿಗೆ ತಿಂಗಳುಗಟ್ಟಲೆ ನುಂಗಿದ ಸ್ಟೀರಾಯ್ಡ್ ಮಾತ್ರೆ, ಹಕೀಮರ ಪುಡಿ, ಊರ ನಾಟಿ ಔಷಧ, ಹಳೆಯ ಕ್ಷಯ, ಹೇಳಲು ನಾಚಿಕೆಯಾಗುವ ಬೇರೆ ಕಾಯಿಲೆ, ಎಲ್ಲವನ್ನೂ ವೈದ್ಯರಿಗೆ ತಿಳಿಸಿ. ವೈದ್ಯರಿಗೆ ಹೇಳಿದ ಗುಟ್ಟು ಗೀಬತ್ ಅಲ್ಲ, ಅದು ಚಿಕಿತ್ಸೆಯ ಭಾಗ. ಜ್ವರವಿರುವ ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು ಎಂಬುದೂ ಗೊತ್ತಿರಲಿ. ಫ್ಲೂ ಬಂದ ಮಕ್ಕಳಲ್ಲಿ ಅದು ಮೆದುಳು ಮತ್ತು ಯಕೃತ್ತಿಗೆ ತೀವ್ರ ಹಾನಿ ಮಾಡುವ ಅಪರೂಪದ ಕಾಯಿಲೆಗೆ ಕಾರಣವಾಗಬಲ್ಲದು.

ಇಲ್ಲಿ ಇನ್ನೊಂದು ಮಾತು. ಗಲ್ಫ್‌ನಲ್ಲಿರುವ ಮಗ ಫೋನಿನಲ್ಲಿ ಒಂದು ಹೇಳುತ್ತಾನೆ, ಬೆಂಗಳೂರಿನ ಅಳಿಯ ಇನ್ನೊಂದು ಹೇಳುತ್ತಾನೆ, ಊರಿನಲ್ಲಿರುವ ತಮ್ಮ ಮೂರನೆಯದು. ನಡುವೆ ರೋಗಿಯ ಒಪ್ಪಿಗೆ ಪತ್ರಕ್ಕೆ ಸಹಿ ಬೀಳದೆ ಗಂಟೆಗಳು ಕಳೆಯುತ್ತವೆ. ಮನೆಯವರು ಸೇರಿ ಒಬ್ಬರನ್ನು ನೇಮಿಸಿ. ವೈದ್ಯರೊಡನೆ ಅವರು ಮಾತನಾಡಲಿ, ಉಳಿದವರಿಗೆ ಅವರೇ ತಿಳಿಸಲಿ. ಶೂರಾ ಎಂದರೆ ಸಮಾಲೋಚನೆ. ಅದು ತೀರ್ಮಾನಕ್ಕೆ ಬರುವ ದಾರಿ, ತೀರ್ಮಾನವನ್ನು ತಡೆಯುವ ನೆಪವಲ್ಲ.

ಆಸ್ಪತ್ರೆಯೊಳಗೆ ನಡೆಯುವುದೇನು?

ಐಸಿಯುಗೆ ಹೋದವರು ಮರಳಿ ಬರುವುದಿಲ್ಲ ಎಂಬ ಮಾತು ನಮ್ಮ ಮೊಹಲ್ಲಾಗಳಲ್ಲಿ ಬೇರುಬಿಟ್ಟಿದೆ. ಈ ಹೆದರಿಕೆ ಹೋಗಬೇಕಾದರೆ ಅಲ್ಲಿ ಏನು ಮಾಡುತ್ತಾರೆಂದು ತಿಳಿಯಬೇಕು. ವೈರಸ್ ಶ್ವಾಸಕೋಶಕ್ಕೆ ಇಳಿದಾಗ ಗಾಳಿಯ ಸಣ್ಣ ಚೀಲಗಳಲ್ಲಿ ನೀರು ತುಂಬಿ ಆಮ್ಲಜನಕ ರಕ್ತಕ್ಕೆ ಸೇರುವುದಿಲ್ಲ. ಆಗ ಮೊದಲ ಮದ್ದು ಆಮ್ಲಜನಕವೇ. ಅದು ಸಾಲದಿದ್ದರೆ ಹೆಚ್ಚು ಒತ್ತಡದಲ್ಲಿ ಕೊಡುತ್ತಾರೆ, ಅದೂ ಸಾಲದಿದ್ದರೆ ವೆಂಟಿಲೇಟರ್. ವೆಂಟಿಲೇಟರ್ ವೈರಸ್ಸನ್ನು ಕೊಲ್ಲುವುದಿಲ್ಲ. ಶ್ವಾಸಕೋಶ ಚೇತರಿಸಿಕೊಳ್ಳುವವರೆಗೆ ಉಸಿರಿನ ಭಾರವನ್ನು ಅದು ಹೊರುತ್ತದೆ.

ಕೆಲವೊಮ್ಮೆ ರೋಗಿಯನ್ನು ಬೋರಲಾಗಿ ಮಲಗಿಸಿರುತ್ತಾರೆ. ಗಾಜಿನಾಚೆಯಿಂದ ಅದನ್ನು ಕಂಡ ಮನೆಯವರು, ನಮ್ಮ ತಂದೆಯನ್ನು ಹೀಗೇಕೆ ಬಿಸಾಡಿದ್ದಾರೆ ಎಂದು ಸಿಟ್ಟಾಗುತ್ತಾರೆ. ಅದು ಚಿಕಿತ್ಸೆ, ನಿರ್ಲಕ್ಷ್ಯವಲ್ಲ. ಬೆನ್ನ ಕಡೆಯ ಶ್ವಾಸಕೋಶದ ಭಾಗ ತೆರೆದುಕೊಂಡು ಆಮ್ಲಜನಕ ಹೆಚ್ಚು ಸೇರುತ್ತದೆ. ಫ್ರಾನ್ಸ್‌ನಲ್ಲಿ ಮುಖ್ಯವಾಗಿ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವೆಂಟಿಲೇಟರ್‌ನಲ್ಲಿದ್ದ ತೀವ್ರ ರೋಗಿಗಳನ್ನು ದಿನಕ್ಕೆ ಕನಿಷ್ಠ 16 ಗಂಟೆ ಹೀಗೆ ಮಲಗಿಸಿದಾಗ 28 ದಿನಗಳೊಳಗಿನ ಸಾವು ಶೇ. 33ರಿಂದ ಶೇ. 16ಕ್ಕೆ ಇಳಿದಿತ್ತು. ಹೊಸ ಮದ್ದಿಲ್ಲ, ದುಬಾರಿ ಯಂತ್ರವಿಲ್ಲ. ನಾಲ್ಕೈದು ಜನ ದಾದಿಯರ ಶ್ರಮ ಮಾತ್ರ.

ಇನ್ನು ಔಷಧಗಳ ವಿಷಯ. ಪ್ರತಿಯೊಂದು ಮದ್ದಿಗೂ ಅದರದೇ ಸ್ಥಳ, ಅದರದೇ ಸಮಯ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನವು ಡೆಕ್ಸಾಮೆಥಸೋನ್ ಎಂಬ ಅಗ್ಗದ, ಹಳೆಯ ಸ್ಟೀರಾಯ್ಡ್ ಬಗ್ಗೆ ಫಲಿತಾಂಶ ಪ್ರಕಟಿಸಿತು. ವೆಂಟಿಲೇಟರ್‌ನಲ್ಲಿದ್ದ ಕೋವಿಡ್ ರೋಗಿಗಳಲ್ಲಿ ಅದು ಸಾವನ್ನು ಮೂರನೇ ಒಂದು ಭಾಗದಷ್ಟು, ಆಮ್ಲಜನಕ ಬೇಕಾದವರಲ್ಲಿ ಐದನೇ ಒಂದು ಭಾಗದಷ್ಟು ತಗ್ಗಿಸಿತು. ಆಮ್ಲಜನಕವೇ ಬೇಡದ ರೋಗಿಗಳಿಗೆ ಅದರಿಂದ ಲಾಭ ಕಾಣಲಿಲ್ಲ. ಆದರೆ ಮರುವರ್ಷದ ಎರಡನೆಯ ಅಲೆಯಲ್ಲಿ ಏನಾಯಿತು? ಮನೆಯಲ್ಲೇ, ಮೊದಲ ದಿನದಿಂದಲೇ, ಯಾರದೋ ಚೀಟಿ ನೋಡಿ ಜನ ಸ್ಟೀರಾಯ್ಡ್ ನುಂಗಿದರು. ಸಕ್ಕರೆ ಕಾಯಿಲೆಯವರ ಸಕ್ಕರೆ ಹತೋಟಿ ತಪ್ಪಿತು. ಕಪ್ಪು ಶಿಲೀಂಧ್ರ ಎಂಬ ಕಾಯಿಲೆ ಮನೆ ಮನೆಯ ಮಾತಾಯಿತು. ಎಷ್ಟೋ ಜನ ಕಣ್ಣು ಕಳೆದುಕೊಂಡರು, ಎಷ್ಟೋ ಜನ ಪ್ರಾಣವನ್ನೇ. ಒಬ್ಬನ ಜೀವ ಉಳಿಸಿದ ಮಾತ್ರೆಯೇ ಇನ್ನೊಬ್ಬನಿಗೆ ವಿಪತ್ತಾಯಿತು. ಇನ್ನೂ ಒಂದು ವಿಷಯವಿದೆ. ಕೋವಿಡ್‌ನಲ್ಲಿ ಉಪಕರಿಸಿದ ಈ ಸ್ಟೀರಾಯ್ಡನ್ನು ತೀವ್ರ ಫ್ಲೂ ರೋಗಿಗೆ ವೈರಸ್ಸಿನ ಮದ್ದೆಂದು ಕೊಡಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯ ಸಲಹೆ. ಕೆಮ್ಮು ಒಂದೇ ತರಹ ಕೇಳಿಸಿದರೂ ರೋಗ ಬೇರೆ, ಮದ್ದು ಬೇರೆ.

ಪ್ಲಾಸ್ಮಾದ ನೆನಪು ನಿಮಗಿರಬಹುದು. ಗುಣವಾದವರ ಪ್ಲಾಸ್ಮಾಕ್ಕಾಗಿ ರಾತ್ರಿಯಿಡೀ ಫೋನ್ ಮಾಡಿದ ಯುವಕರು ನಮ್ಮಲ್ಲೂ ಇದ್ದರು. ಅವರ ಸದುದ್ದೇಶಕ್ಕೆ ಅಲ್ಲಾಹನು ಪ್ರತಿಫಲ ನೀಡಲಿ. ಆದರೆ ನಮ್ಮದೇ ದೇಶದ ಐಸಿಎಂಆರ್ 39 ಆಸ್ಪತ್ರೆಗಳ 464 ರೋಗಿಗಳಲ್ಲಿ ಪರೀಕ್ಷಿಸಿ ನೋಡಿದಾಗ ಅದು ಸಾವನ್ನೂ ತಪ್ಪಿಸಲಿಲ್ಲ, ರೋಗ ಉಲ್ಬಣಿಸುವುದನ್ನೂ ತಡೆಯಲಿಲ್ಲ. 2021ರ ಮೇಯಲ್ಲಿ ಅದನ್ನು ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯಿಂದ ಕೈಬಿಡಲಾಯಿತು. ಅದೇ ದಿನಗಳಲ್ಲಿ ರೆಮ್‌ಡೆಸಿವಿರ್‌ಗಾಗಿ ಒಡವೆ ಮಾರಿ ಕಾಳಸಂತೆಯಲ್ಲಿ ಸಾವಿರಾರು ರೂಪಾಯಿ ಕೊಟ್ಟವರಿದ್ದಾರೆ. ಅದು ಖಚಿತವಾಗಿ ಜೀವ ಉಳಿಸುವ ಮದ್ದೆಂದು ಆಗ ಸಾಬೀತಾಗಿರಲಿಲ್ಲ. ಆಪತ್ತಿನಲ್ಲಿರುವವರ ಕಣ್ಣೀರನ್ನು ಲಾಭವಾಗಿಸಿದ ಆ ಕಾಳಸಂತೆಯ ಗಳಿಕೆ ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ.

ಆದ್ದರಿಂದ ಆ ಇಂಜೆಕ್ಷನ್ ಯಾಕೆ ಕೊಡಲಿಲ್ಲ, ಈ ಆ್ಯಂಟಿಬಯೋಟಿಕ್ ಯಾಕೆ ಹಾಕಲಿಲ್ಲ ಎಂದು ವೈದ್ಯರ ಮೇಲೆ ಒತ್ತಡ ಹೇರಬೇಡಿ. ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾದ ಮದ್ದು. ವೈರಸ್ಸಿನ ಮೇಲೆ ಅದರ ಆಟ ನಡೆಯುವುದಿಲ್ಲ. ಫ್ಲೂವಿನ ಬೆನ್ನಿಗೆ ಬ್ಯಾಕ್ಟೀರಿಯಾದ ನ್ಯುಮೋನಿಯಾ ಸೇರಿಕೊಂಡರೆ ಮಾತ್ರ ಅದು ಬೇಕು. ಏಕೆ ಎಂದು ಸೌಮ್ಯವಾಗಿ ಕೇಳುವ ಹಕ್ಕು ನಮಗಿದೆ. ಗದರಿಸುವ, ಕೈಯೆತ್ತುವ ಹಕ್ಕು ಇಲ್ಲ. ವೈದ್ಯಕೀಯ ತಿಳಿಯದೆ ಚಿಕಿತ್ಸೆ ನೀಡಿದವನೇ ಅದರ ಹಾನಿಗೆ ಹೊಣೆಗಾರ ಎಂಬುದು ಪ್ರವಾದಿವರ್ಯರ(ಸ) ಬೋಧನೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಮದ್ದಿನ ಸಂದೇಶವನ್ನು ಮುಂದಕ್ಕೆ ಕಳುಹಿಸುವ ಮೊದಲು ಈ ಹೊಣೆಗಾರಿಕೆಯನ್ನು ನೆನೆಯಿರಿ.

ಮೂರನೆಯ ಹಕ್ಕು: ನಮ್ಮಿಂದ ಹಾನಿಯಾಗದಿರುವುದು

ಸಹೋದರರೇ, ಈಗ ಸ್ವಲ್ಪ ಕಷ್ಟದ ಮಾತು. ರೋಗಿಯನ್ನು ಸಂದರ್ಶಿಸುವುದು ಒಬ್ಬ ಮುಸ್ಲಿಮನ ಮೇಲೆ ಇನ್ನೊಬ್ಬ ಮುಸ್ಲಿಮನಿಗಿರುವ ಹಕ್ಕು. ಇದನ್ನು ನಾವು ಪ್ರೀತಿಯಿಂದ ಪಾಲಿಸುತ್ತೇವೆ. ಒಬ್ಬರು ಆಸ್ಪತ್ರೆ ಸೇರಿದರೆಂದರೆ ಎರಡು ಕಾರು, ನಾಲ್ಕು ಬೈಕು, ಮಕ್ಕಳು ಮರಿಗಳೊಂದಿಗೆ ಇಡೀ ಕುಟುಂಬ ವಾರ್ಡಿಗೆ ಬರುತ್ತದೆ. ಅದರಲ್ಲಿ ಒಬ್ಬನಿಗೆ ಮೂಗು ಸೋರುತ್ತಿರುತ್ತದೆ, ಇನ್ನೊಬ್ಬಳಿಗೆ ಗಂಟಲು ಕೆರೆತ. ಪಕ್ಕದ ಹಾಸಿಗೆಯಲ್ಲಿ ಕೀಮೋಥೆರಪಿ ಆಗಿ ಬಿಳಿ ರಕ್ತಕಣಗಳು ಕುಸಿದ ಒಬ್ಬ ಹೆಣ್ಣುಮಗಳು ಮಲಗಿರಬಹುದು. ಅವಳ ಹೆಸರು, ಧರ್ಮ, ಊರು ನಮಗೆ ಗೊತ್ತಿಲ್ಲ. ನಮ್ಮ ಒಂದು ಸೀನು ಅವಳ ಪ್ರಾಣ ತೆಗೆದರೆ ನಾಳೆ ಅಲ್ಲಾಹನ ಮುಂದೆ ಏನೆಂದು ಉತ್ತರಿಸುತ್ತೇವೆ?

ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದವರು ಮಸೀದಿಯಿಂದ ದೂರವಿರಬೇಕೆಂದು ಪ್ರವಾದಿವರ್ಯರು(ಸ) ಆದೇಶಿಸಿದರು. ಬೆಳ್ಳುಳ್ಳಿ ಹಲಾಲ್. ಮಸೀದಿಗೆ ಹೋಗುವುದು ಪುಣ್ಯಕಾರ್ಯ. ಆದರೂ ಪಕ್ಕದವನಿಗೆ ವಾಸನೆಯಿಂದ ಆಗುವ ಕಿರಿಕಿರಿಯನ್ನು ತಪ್ಪಿಸಲು ಆ ಪುಣ್ಯಕಾರ್ಯಕ್ಕೂ ಮಿತಿ ಹಾಕಲಾಯಿತು. ಕಿರಿಕಿರಿಗೇ ಇಷ್ಟು ಕಾಳಜಿಯಾದರೆ ಪ್ರಾಣಹಾನಿಗೆ ಎಷ್ಟು ಕಾಳಜಿ ಇರಬೇಕು? ಕಾಯಿಲೆಯ ಒಂಟೆಗಳನ್ನು ಆರೋಗ್ಯವಂತ ಒಂಟೆಗಳ ಬಳಿಗೆ ಕೊಂಡೊಯ್ಯಬಾರದೆಂದೂ ಅವರು ಕಲಿಸಿದ್ದಾರೆ. ಒಂಟೆಗೆ ಸಿಕ್ಕ ಈ ರಕ್ಷಣೆ ವಾರ್ಡಿನಲ್ಲಿರುವ ಮನುಷ್ಯರಿಗೂ ಸಿಗಲಿ.

ರೋಗನಿರೋಧಕ ಶಕ್ತಿ ಕುಂದಿದ ರೋಗಿಗಳ ದೇಹದಲ್ಲಿ ಈ ವೈರಸ್‌ಗಳು ವಾರಗಟ್ಟಲೆ ಉಳಿಯಬಲ್ಲವು. ಅದಕ್ಕೇ ಅವರನ್ನು ಪ್ರತ್ಯೇಕ ಕೋಣೆಯಲ್ಲಿರಿಸುತ್ತಾರೆ. ಇದು ಅವಮಾನವೂ ಅಲ್ಲ, ಅಸ್ಪೃಶ್ಯತೆಯೂ ಅಲ್ಲ. ಆಸ್ಪತ್ರೆ ಒಬ್ಬರಿಗೆ ಮಾತ್ರ ಅನುಮತಿ ಕೊಟ್ಟರೆ ಒಬ್ಬರೇ ಹೋಗಿ. ಮಾಸ್ಕ್ ಮೂಗಿನ ಮೇಲಿರಲಿ, ಗಲ್ಲದ ಮೇಲಲ್ಲ. ಒಳಹೋಗುವಾಗಲೂ ಹೊರಬರುವಾಗಲೂ ಸೋಪಿನಿಂದ 20 ಸೆಕೆಂಡ್ ಕೈ ತೊಳೆಯಿರಿ. ದಿನಕ್ಕೆ ಐದು ಬಾರಿ ವುಝೂ ಮಾಡುವ ನಮಗೆ ಇದು ಭಾರವಾಗಬಾರದು. ಸಣ್ಣ ಮಕ್ಕಳನ್ನು ವಾರ್ಡಿಗೆ ಕರೆದೊಯ್ಯಬೇಡಿ. ನಿಮಗೇ ನೆಗಡಿ, ಜ್ವರವಿದ್ದರೆ ಹೋಗದಿರುವುದೇ ಆ ದಿನ ನೀವು ಆ ರೋಗಿಗೆ ಸಲ್ಲಿಸುವ ಹಕ್ಕು.

ಹಾಗಾದರೆ ಇಯಾದತ್ತಿನ ಪುಣ್ಯ ತಪ್ಪಿತೇ? ಇಲ್ಲ. ಫೋನಿನಲ್ಲಿ ಎರಡು ಸಾಂತ್ವನದ ಮಾತು ಆಡಿ. ರೋಗಿಗಾಗಿ ದುಆ ಮಾಡಿ. ಹೊರಗೆ ಬೆಂಚಿನ ಮೇಲೆ ರಾತ್ರಿ ಕಳೆಯುತ್ತಿರುವವನಿಗೆ ಬಿಸಿ ಊಟ ತಲುಪಿಸಿ. ಬಿಲ್ಲಿಗೆ ಒಂದಷ್ಟು ನೆರವಾಗಿ. ಮನೆಯಲ್ಲಿ ಉಳಿದ ಮಕ್ಕಳನ್ನು ಶಾಲೆಗೆ ಬಿಡಿ. ಹತ್ತು ಜನ ಹಾಸಿಗೆಯ ಸುತ್ತ ನಿಂತು ಹೋಗುವುದಕ್ಕಿಂತ ಇದರಲ್ಲಿ ಒಂದು ಕೆಲಸ ರೋಗಿಗೆ ಹೆಚ್ಚು ಉಪಕಾರಿ.

ಶುಶ್ರೂಷೆ ಮಾಡುವವರು

ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆದ್(ರ)ರು ಬಾಣ ತಗುಲಿ ಗಾಯಗೊಂಡಾಗ ಪ್ರವಾದಿವರ್ಯರು(ಸ) ಮಸೀದಿಯಲ್ಲೇ ಅವರಿಗಾಗಿ ಡೇರೆ ಹಾಕಿಸಿ ಹತ್ತಿರದಿಂದ ವಿಚಾರಿಸಿಕೊಂಡರು. ಆ ಗಾಯಾಳುಗಳ ಆರೈಕೆ ಮಾಡಿದವರು ರುಫೈದಾ(ರ) ಎಂಬ ಅನ್ಸಾರಿ ಮಹಿಳೆ. ಶುಶ್ರೂಷೆಯ ಕೆಲಸಕ್ಕೆ ಇಸ್ಲಾಮಿನಲ್ಲಿ ಎಂಥ ಸ್ಥಾನವಿದೆ ಎಂಬುದಕ್ಕೆ ಇದು ಸಾಕ್ಷಿ. ಇಂದು ರಾತ್ರಿಪಾಳಿಯಲ್ಲಿ ನಮ್ಮ ತಂದೆಯ ಕಫ ತೆಗೆಯುವ ದಾದಿ ಯಾವ ಧರ್ಮದವಳೇ ಆಗಿರಲಿ, ಅವಳಿಗೆ ಕೃತಜ್ಞರಾಗಿರುವುದು ಅಲ್ಲಾಹನಿಗೆ ಕೃತಜ್ಞರಾಗಿರುವುದರ ಭಾಗ.

ಮನೆಯಲ್ಲಿ ಈ ಭಾರ ಸಾಮಾನ್ಯವಾಗಿ ಒಬ್ಬ ಸೊಸೆಯ ಅಥವಾ ಮಗಳ ಮೇಲೆ ಬೀಳುತ್ತದೆ. ಅವಳಿಗೂ ನಿದ್ದೆ ಬೇಕು, ಮಾಸ್ಕ್ ಬೇಕು, ಪಾಳಿ ಬದಲಿಸುವವರು ಬೇಕು. ತಂದೆತಾಯಿಯ ಸೇವೆ ಗಂಡುಮಕ್ಕಳ ಮೇಲೂ ಕಡ್ಡಾಯ ಎಂಬುದನ್ನು ಮತ್ತೆ ಮತ್ತೆ ಹೇಳಬೇಕಾಗಿದೆ.

ರೋಗಿಯ ಆರಾಧನೆಗೆ ಅಲ್ಲಾಹನು ವಿನಾಯಿತಿ ಕೊಟ್ಟಿದ್ದಾನೆ. ನಿಲ್ಲಲಾಗದವರು ಕುಳಿತು, ಕೂರಲಾಗದವರು ಮಲಗಿ ಸನ್ನೆಯಿಂದ ನಮಾಝ್ ನಿರ್ವಹಿಸಬಹುದು. ನೀರು ಹಾನಿಕರವಾದರೆ ತಯಮ್ಮುಮ್ ಇದೆ. ರಮಝಾನ್‌ನಲ್ಲಿ ರೋಗಿಗೆ ಉಪವಾಸದಿಂದ ರಿಯಾಯಿತಿ ಇರುವುದು ಕುರ್‌ಆನ್‌ನಲ್ಲೇ ಸ್ಪಷ್ಟವಾಗಿದೆ. ಉಪವಾಸ ಕೆಡುತ್ತದೆಂದು ವೈರಸ್ಸಿನ ಮಾತ್ರೆಯ ಒಂದು ಹೊತ್ತು ತಪ್ಪಿಸುವುದು, ಇನ್ಸುಲಿನ್ ಬಿಡುವುದು ಅಲ್ಲಾಹನು ಕೊಟ್ಟ ಸೌಲಭ್ಯವನ್ನು ತಿರಸ್ಕರಿಸಿದಂತೆ.

ಮೊಹಲ್ಲಾದ ಹೊಣೆ

ಜಮಾಅತ್‌ನ ಹಿರಿಯರು ಕೆಲವು ಕೆಲಸಗಳನ್ನು ಈ ವಾರವೇ ಆರಂಭಿಸಬಹುದು. ಒಂಟಿಯಾಗಿರುವ ವೃದ್ಧರು, ಡಯಾಲಿಸಿಸ್ ಮತ್ತು ಕ್ಯಾನ್ಸರ್ ರೋಗಿಗಳು, ಗರ್ಭಿಣಿಯರು ಯಾವ ಮನೆಗಳಲ್ಲಿದ್ದಾರೆ ಎಂದು ತಿಳಿದುಕೊಳ್ಳಲಿ. ಅದು ಗುಟ್ಟಾಗಿಯೇ ಇರಲಿ. ಮಸೀದಿಯಲ್ಲಿ ಒಂದೆರಡು ಪಲ್ಸ್ ಆಕ್ಸಿಮೀಟರ್‌ಗಳಿರಲಿ. ಮಧ್ಯರಾತ್ರಿ ಕರೆದರೂ ಬರುವ ಒಂದು ವಾಹನದ ನಂಬರ್ ಪ್ರತಿ ಮನೆಯ ಗೋಡೆಯ ಮೇಲಿರಲಿ. ಹಣವಿಲ್ಲವೆಂಬ ಕಾರಣಕ್ಕೆ ಯಾರೂ ಐದನೆಯ ದಿನದವರೆಗೆ ಕಾಯದಂತೆ ಸದಕಾ ನಿಧಿಯಿಂದ ಮೊದಲ ದಿನವೇ ನೆರವಾಗಲಿ.

ಫ್ಲೂವಿಗೆ ಲಸಿಕೆ ಇದೆ. ವೈರಸ್ ರೂಪ ಬದಲಿಸುವುದರಿಂದ ಅದನ್ನು ಪ್ರತಿವರ್ಷ ಹಾಕಿಸಿಕೊಳ್ಳಬೇಕು. ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ಆದ್ದರಿಂದ ಜ್ವರ ಊರು ಸೇರುವ ಮೊದಲೇ ಹಾಕಿಸಿ. ನಮ್ಮ ದೇಶದಿಂದ ಹಜ್ಜ್‌ಗೆ ಹೊರಡುವ ವಯೋವೃದ್ಧರಿಗೆ ಫ್ಲೂ ಲಸಿಕೆ ಹಾಕುತ್ತಾರೆ. ಕಅಬಾದ ಅಂಗಳಕ್ಕೆ ಹೋಗುವಾಗ ಬೇಕಾದ ಎಚ್ಚರ ಮನೆಯ ಅಂಗಳದಲ್ಲಿ ಬೇಡವೆಂದೇನಿಲ್ಲ. ಮನೆಯಲ್ಲಿ ಕೀಮೋಥೆರಪಿ ಪಡೆಯುವವರಿದ್ದರೆ ಅವರ ಜೊತೆಯಲ್ಲಿರುವ ನಾವೂ ಹಾಕಿಸಿಕೊಳ್ಳಬೇಕು. ಅವರ ದೇಹ ಲಸಿಕೆಗೆ ಪೂರ್ತಿ ಸ್ಪಂದಿಸದೆ ಇರಬಹುದು. ನಮ್ಮ ರಕ್ಷಣೆಯೇ ಆಗ ಅವರ ಬೇಲಿ.

ಜ್ವರ, ಕೆಮ್ಮು ಇರುವವರು ಗುಣವಾಗುವವರೆಗೆ ಮನೆಯಲ್ಲೇ ನಮಾಝ್ ಮಾಡಿ. ರೋಗಿಗೆ ಜಮಾಅತ್‌ನಿಂದಲೂ ಜುಮಾದಿಂದಲೂ ವಿನಾಯಿತಿ ಇದೆ. ಮೊದಲ ಸಾಲಿನಲ್ಲಿ ನಿಮ್ಮ ಪಕ್ಕದಲ್ಲಿ ನಿಲ್ಲುವ ಎಂಬತ್ತರ ಹಿರಿಯರನ್ನು ನೆನೆದು ಆ ವಿನಾಯಿತಿಯನ್ನು ಬಳಸಿಕೊಳ್ಳಿ.

ಎಲ್ಲ ಮಾಡಿದ ಬಳಿಕವೂ ಕೆಲವರು ನಮ್ಮನ್ನು ಅಗಲುತ್ತಾರೆ. ಆಯುಷ್ಯದ ಅವಧಿ ಅಲ್ಲಾಹನ ಬಳಿ ನಿಶ್ಚಿತ. ಆಗ ವೈದ್ಯರನ್ನು ದೂರುವುದೂ ಬೇಡ, ಹಾಗೆ ಮಾಡಿದ್ದರೆ, ಹೀಗೆ ಮಾಡಿದ್ದರೆ ಎಂದು ಕೊರಗುವುದೂ ಬೇಡ. ಆದರೆ ಈ ಸಮಾಧಾನ ಪ್ರಯತ್ನ ಮಾಡಿದವರಿಗೆ ಸಲ್ಲುತ್ತದೆ. ಐದು ದಿನ ಕೈಕಟ್ಟಿ ಕುಳಿತು ಆರನೆಯ ದಿನ ವಿಧಿ ಎನ್ನುವವರು ತಮ್ಮ ಹೊಣೆಯ ಲೆಕ್ಕವನ್ನೂ ಅಲ್ಲಾಹನಿಗೆ ಕೊಡಬೇಕಾಗುತ್ತದೆ.

ಓ ಅಲ್ಲಾಹ್, ನಮ್ಮ ರೋಗಿಗಳಿಗೆ, ಎಲ್ಲ ಧರ್ಮಗಳ ರೋಗಿಗಳಿಗೆ ಪೂರ್ಣ ಆರೋಗ್ಯ ದಯಪಾಲಿಸು. ಉಸಿರಿಗಾಗಿ ಹೋರಾಡುತ್ತಿರುವವರ ಉಸಿರನ್ನು ಸುಗಮಗೊಳಿಸು. ಅವರ ಆರೈಕೆಯಲ್ಲಿರುವ ವೈದ್ಯರಿಗೆ, ದಾದಿಯರಿಗೆ, ಮನೆಯವರಿಗೆ ಶಕ್ತಿಯನ್ನೂ ತಾಳ್ಮೆಯನ್ನೂ ಕೊಡು. ನಮ್ಮ ಅಜಾಗ್ರತೆ ಇನ್ನೊಬ್ಬರ ಸಾವಿಗೆ ಕಾರಣವಾಗದಂತೆ ನಮ್ಮನ್ನು ಕಾಪಾಡು. ಈ ಕಾಯಿಲೆಗಳಿಂದ ನಮ್ಮನ್ನು ಅಗಲಿದವರನ್ನು ಕ್ಷಮಿಸಿ ನಿನ್ನ ಸ್ವರ್ಗದಲ್ಲಿ ಸೇರಿಸು. ಆಮೀನ್, ಯಾ ರಬ್ಬಲ್ ಆಲಮೀನ್.